ದರಾರೋಹಣ ಮೀಮಾಂಸೆ: ಬಾಗಲಕೋಟೆ ವಿಭಾಗಕ್ಕೆ ವಿಶೇಷ ಅನ್ವಯದೊಂದಿಗೆ

ಮಂಗಳಾಚರಣೆ ಇಲ್ಲದೆ ಶಾಸ್ತ್ರಗ್ರಂಥ ಆರಂಭಿಸುವುದು ದೋಷ. ಆದ್ದರಿಂದ ಕಂಡಕ್ಟರನ ಕೊರಳಲ್ಲಿ ತೂಗಾಡುವ ಟಿಕೆಟ್ ಮಷಿನ್ನಿಗೂ, ರಾತ್ರೋರಾತ್ರಿ ಅದರ ಹೊಟ್ಟೆಯೊಳಗೆ ಹೊಸ ದರ ತುಂಬಿದ ಅಜ್ಞಾತ ಮಹನೀಯನಿಗೂ ಮೊದಲ ವಂದನೆ. ವಿಷಯ: ಬಸ್ ದರ ಏರುವ ಬಗೆ. ಸಂಬಂಧ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳ ನಡುವಿನದು. ಅಧಿಕಾರಿ, ಎಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು: ಗಂಡಸು, ರೊಕ್ಕ ಕೊಟ್ಟು ಟಿಕೆಟ್ ತೆಗೆಸುವವನು, ನಿಂತವನು. ಕೂತವರಿಗೆ ಇದರ ಅಗತ್ಯವಿಲ್ಲ. ಪ್ರಯೋಜನ: ಹುಡುಕಲಾಗುತ್ತಿದೆ.

ಪ್ರಥಮ ಸೂತ್ರ ಹೀಗಿದೆ: ಏರಿದ್ದು ಇಳಿಯದು.

ಭಾಷ್ಯ. 2020ರ ಫೆಬ್ರವರಿ 26ರಂದು ಶೇ 12 ಏರಿತು. 2025ರ ಜನವರಿ 2ರಂದು ಸಚಿವ ಸಂಪುಟ ಮತ್ತೆ ಶೇ 15ಕ್ಕೆ ಒಪ್ಪಿತು. 5ರಿಂದ ಜಾರಿಗೆ ಬಂತು. ಹಳೆಯ ನೂರು ರೂಪಾಯಿಯ ಪ್ರಯಾಣ ನೂರಾ ಹನ್ನೆರಡಾಗಿ, ಅಲ್ಲಿಂದ 128 ರೂಪಾಯಿ 80 ಪೈಸೆಯಾಯಿತು. ಆ ಎಂಬತ್ತು ಪೈಸೆಯ ಗತಿಯೇನೆಂಬುದನ್ನು ಮುಂದೆ ಚಿಲ್ಲರೆ ಪ್ರಕರಣದಲ್ಲಿ ನೋಡೋಣ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. 2020ರಲ್ಲಿ ನಮ್ಮ ದರ ಏರಿದ ಮೂರೇ ದಿನಕ್ಕೆ, ಫೆಬ್ರವರಿ 29ರಂದು, ಯುರೋಪಿನ ಲಕ್ಸಂಬರ್ಗ್ ಎಂಬ ಪುಟ್ಟ ದೇಶ ತನ್ನ ಬಸ್ಸು, ರೈಲು, ಟ್ರಾಮುಗಳನ್ನೆಲ್ಲ ಎಲ್ಲರಿಗೂ ಪುಕ್ಕಟೆ ಮಾಡಿತು. ಸಾಮಾನ್ಯರು ಇದನ್ನು ಕಾಕತಾಳೀಯ ಎಂದಾರು. ಶಾಸ್ತ್ರಜ್ಞನಿಗೆ ಕಾಕತಾಳೀಯ ಎಂಬುದಿಲ್ಲ. ದರಕ್ಕೆ ನಾಶವಿಲ್ಲ, ಅದು ಒಂದು ಕಡೆ ಇಳಿಯಬೇಕಾದರೆ ಮತ್ತೊಂದು ಕಡೆ ಹತ್ತಲೇಬೇಕು. ಲಕ್ಸಂಬರ್ಗಿನಲ್ಲಿ ಇಳಿದದ್ದು ಹುನಗುಂದದಲ್ಲಿ ಹತ್ತಿತು. ಸೀಟು ಮಾತ್ರ ಸಿಗಲಿಲ್ಲ.

ಇಳಿಯದಿರುವಿಕೆಗೆ ಸ್ಥಳೀಯ ದೃಷ್ಟಾಂತ ಬೇಕೆಂದರೆ ಬಾಗಲಕೋಟೆಯೇ ಇದೆ. ಆಲಮಟ್ಟಿಯ ಹಿನ್ನೀರು 519.60 ಮೀಟರಿಗೆ ನಿಂತು ಹಳೇ ಊರಿನ ಓಣಿಗಳನ್ನು ನುಂಗಿತು. ಜಲವಿವಾದ ನ್ಯಾಯಮಂಡಳಿಯ ತೀರ್ಪಿನಲ್ಲಿ ಇನ್ನೂ 524.256 ಮೀಟರಿನ ಮಾತಿದೆ. ಆದರೂ ಆ ನೀರಿಗೆ ಒಂದು ಮರ್ಯಾದೆ ಇದೆ: ಬೇಸಿಗೆ ಬಂದರೆ ಹಿಂದೆ ಸರಿಯುತ್ತದೆ, ಮುಳುಗಿದ ಮನೆಗಳ ಪಾಯ ಕಾಣುತ್ತದೆ. ಬಸ್ ದರ ಯಾವ ಬೇಸಿಗೆಯಲ್ಲೂ ಹಿಂದೆ ಸರಿದು, ಅದರ ಕೆಳಗೆ ಮುಳುಗಿದ ಹಳೆಯ ದರದ ಪಾಯ ಕಂಡ ಉದಾಹರಣೆ ನಮ್ಮ ಅಧ್ಯಯನಕ್ಕೆ ದೊರೆತಿಲ್ಲ.

ಈ ಊರಿನ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ಬೇರೆ ಕಡೆ ಊರಿಗಾಗಿ ಬಸ್ಸು ಬಿಡುತ್ತಾರೆ. ಬಾಗಲಕೋಟೆಯಲ್ಲಿ ಬಸ್ಸಿಗಾಗಿ ಊರು ಮಾಡಿದ್ದಾರೆ. ಮೊದಲು ಅಜ್ಜಿ ಮನೆಯಿಂದ ಪೇಟೆಗೆ, ಪೇಟೆಯಿಂದ ಗುಡಿಗೆ, ಗುಡಿಯಿಂದ ತಂಗಿಯ ಮನೆಗೆ ನಡೆದೇ ಹೋಗಿ ಬರುತ್ತಿದ್ದಳು. ಮುಳುಗಡೆ ಬಂತು, ಅಜ್ಜಿಯ ಮನೆ ನವನಗರದ ಒಂದು ಸೆಕ್ಟರಿಗೆ ಹೋಯಿತು, ತಂಗಿ ಇನ್ನೊಂದು ಸೆಕ್ಟರಿಗೆ. ಪೇಟೆ ಹಳೇ ಊರಲ್ಲೇ ಉಳಿಯಿತು, ಮೊಮ್ಮಗನ ಕಾಲೇಜು ನಡುವೆ ವಿದ್ಯಾಗಿರಿಯಲ್ಲಿ. ಮನೆಯೊಳಗೆ ಆಗುತ್ತಿದ್ದ ಮಾತಿಗೆ ಈಗ ಸಿಟಿ ಬಸ್ಸು ಬೇಕು. ಹೀಗೆ ಸರ್ಕಾರವೇ ಊರನ್ನು ಮೂರು ತುಂಡು ಮಾಡಿ, ತುಂಡು ತುಂಡಿಗೂ ಸ್ಟೇಜು ಹಾಕಿ, ಕೂಡಿಸುವುದಕ್ಕೆ ಟಿಕೆಟ್ ಹರಿಯುತ್ತದೆ. ಆ ಟಿಕೆಟ್ಟಿನ ಮೇಲೆ ಶೇ 15. ಅಣೆಕಟ್ಟೆಯ ಎತ್ತರಕ್ಕೂ ಬಸ್ ದರಕ್ಕೂ ಇರುವ ಈ ಸಂಬಂಧದ ಬಗ್ಗೆ ಜಲವಿವಾದದ ವಕೀಲರು ಯಾರೂ ವಾದಿಸಿಲ್ಲವೆಂಬುದು ಆಶ್ಚರ್ಯ.

ಪೂರ್ವಪಕ್ಷದ ಚಹಾದಂಗಡಿಯವರು ಹೇಳುವುದು: 'ಹೆಣ್ಮಕ್ಕಳಿಗೆ ಪುಕ್ಕಟ ಕೊಟ್ರು, ಅದನ್ನ ನಮ್ಮ ಕಿಸೆದಾಗಿಂದ ತಗೀತಾರ.' ಸಿದ್ಧಾಂತಿಯಾದ ಸರ್ಕಾರದ ಉತ್ತರ ಹಾಗಲ್ಲ. ನಾಲ್ಕೂ ಸಾರಿಗೆ ನಿಗಮಗಳ ಡೀಸೆಲ್ ಖರ್ಚು ಹತ್ತು ವರ್ಷದ ಹಿಂದೆ ದಿನಕ್ಕೆ 9.16 ಕೋಟಿ ಇದ್ದದ್ದು 13.21 ಕೋಟಿಯಾಗಿದೆ, ಸಿಬ್ಬಂದಿ ಖರ್ಚು 12.95 ಕೋಟಿಯಿಂದ 18.36 ಕೋಟಿಗೆ ಏರಿದೆ ಎಂದು ಸಚಿವ ಎಚ್.ಕೆ. ಪಾಟೀಲರು ಹೇಳಿದರು. ಲೆಕ್ಕ ಹಾಕಿದರೆ ಒಂದು ಶೇ 44, ಇನ್ನೊಂದು ಸುಮಾರು ಶೇ 42 ಏರಿಕೆ. ಹಾಗೆ ನೋಡಿದರೆ ಶೇ 15 ಎಂಬುದು ದಾಕ್ಷಿಣ್ಯದ ಅಂಕಿ. ಅದೇ ಸುಮಾರಿಗೆ ನಿಗಮಗಳಿಗೆ ಭವಿಷ್ಯನಿಧಿ ಮತ್ತು ಇಂಧನದ ಬಾಕಿ ತೀರಿಸಲೆಂದು 2,000 ಕೋಟಿ ಸಾಲ ಎತ್ತಲು ಅನುಮತಿ ದೊರೆಯಿತು. ಅದರಲ್ಲಿ ಅತಿ ದೊಡ್ಡ ಪಾಲು, 646 ಕೋಟಿ, ಹುಬ್ಬಳ್ಳಿ ಮೂಲದ ನಮ್ಮ ವಾಯವ್ಯ ಸಾರಿಗೆಯದು. ದೊಡ್ಡದು ಎಂಬ ಮಾತು ನಮ್ಮ ಭಾಗಕ್ಕೆ ಬರುವುದೇ ಅಪರೂಪ, ಬಂದಾಗ ಸಾಲದ ರೂಪದಲ್ಲಿ ಬಂತು.

ಇನ್ನು ಬಾದಾಮಿ. ಬಸ್ ನಿಲ್ದಾಣದಿಂದ ಕೆಂಪು ಬಂಡೆಗಳು ಕಾಣುವಷ್ಟು ಹತ್ತಿರ ಇರುವ ಈ ಊರಲ್ಲಿ ಒಂದನೇ ಪುಲಕೇಶಿ ಕ್ರಿ.ಶ. 543ರಲ್ಲಿ ತಾನು ಕೋಟೆ ಕಟ್ಟಿದ್ದನ್ನು ಬಂಡೆಯ ಮೇಲೆ ಕೊರೆಸಿದ. 578ರಲ್ಲಿ ಮಂಗಳೇಶ ಮೂರನೆಯ ಗುಹೆಗೆ ಒಂದು ಊರನ್ನೇ ದತ್ತಿ ಬಿಟ್ಟದ್ದನ್ನು ಕೊರೆಸಿದ. ಕೊರೆದದ್ದು ಇವತ್ತಿಗೂ ಹಾಗೇ ಇದೆ. ನಮ್ಮ ಆಡಳಿತದ ಮೂಲದೋಷ ಇಲ್ಲಿಯೇ: ದರಪಟ್ಟಿಯನ್ನು ಬಣ್ಣದಲ್ಲಿ ಬರೆಸುತ್ತಾರೆ. ಬಾದಾಮಿ–ಗುಳೇದಗುಡ್ಡ ದರವನ್ನು ಅಗಸ್ತ್ಯತೀರ್ಥದ ಬಂಡೆಯ ಮೇಲೆ ಆಳವಾಗಿ ಕೊರೆಸಿ, ಕೊನೆಗೆ ಹಳೆಯ ದಾನಶಾಸನಗಳ ಶಾಪಾಶಯದ ಮಾದರಿಯಲ್ಲಿ 'ಇದನ್ನು ಏರಿಸಿದವನು ಅರವತ್ತು ಸಾವಿರ ವರ್ಷ ಹೇಲೊಳಗಿನ ಹುಳುವಾಗಿ ಹುಟ್ಟುವನು' ಎಂದು ಸೇರಿಸಿದ್ದರೆ ಯಾವ ಸಂಪುಟ ಕೈ ಹಾಕುತ್ತಿತ್ತು? ಪ್ರಾಚ್ಯವಸ್ತು ಇಲಾಖೆಯವರೇ ಬಂದು ಬೇಲಿ ಹಾಕಿ ದರವನ್ನು ಕಾಯುತ್ತಿದ್ದರು.

ಹುನಗುಂದ ತಾಲೂಕಿನ ಐಹೊಳೆಯ ಐನೂರ್ವರು ಎಂಬ ವರ್ತಕರ ಸಂಘವನ್ನು ಪ್ರಯಾಣಿಕರ ಮೊದಲ ಸಂಘವೆಂದೇ ಗಣಿಸಬಹುದು. ಅವರ ಹೆಸರು ಸುಮಾತ್ರಾ ದ್ವೀಪದ 1088ರ ಶಾಸನದಲ್ಲಿದೆ. ಐಹೊಳೆಯಿಂದ ಸುಮಾತ್ರಾಕ್ಕೆ ಹೋದವರುಂಟು. ಕಡೇ ಬಸ್ಸು ತಪ್ಪಿದ ಮೇಲೆ ಐಹೊಳೆಯಿಂದ ಅಮೀನಗಡಕ್ಕೆ ಬಂದವರು ಕಡಿಮೆ.

ದ್ವಿತೀಯ ಸೂತ್ರ: ಶೂನ್ಯಕ್ಕೆ ಶೇ 15 ಕೂಡಿಸಿದರೂ ಶೂನ್ಯ.

ಇದು ಈ ಶಾಸ್ತ್ರದ ತಿರುಳು. ಬ್ರಹ್ಮಗುಪ್ತ ಶೂನ್ಯದ ಗಣಿತವನ್ನು ಬರೆದದ್ದು 628ರಲ್ಲಿ. ಆರು ವರ್ಷದ ನಂತರ, 634ರಲ್ಲಿ, ರವಿಕೀರ್ತಿ ಐಹೊಳೆಯ ಮೇಗುತಿಯಲ್ಲಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಬರೆದು, ತಾನು ಕಾಳಿದಾಸ ಭಾರವಿಗಳಿಗೆ ಸಮ ಎಂದುಕೊಂಡ. ಇಬ್ಬರೂ ಭೇಟಿಯಾಗಿದ್ದರೆ ಶೂನ್ಯ ಟಿಕೆಟ್ಟು ಏಳನೆಯ ಶತಮಾನದಲ್ಲೇ ಬರುತ್ತಿತ್ತು. ಆಗಲಿಲ್ಲ, 2023ರ ಜೂನ್ 11ರವರೆಗೆ ಕಾಯಬೇಕಾಯಿತು. ಅಂದಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ಟು. 2025ರ ಜುಲೈ ಹೊತ್ತಿಗೆ ಅವುಗಳ ಸಂಖ್ಯೆ 500 ಕೋಟಿ ಮುಟ್ಟಿತು.

ಈಗ ಸೂಕ್ಷ್ಮ. ಪಡೆದವಳಿಗೆ ಶೂನ್ಯವಾದ ಟಿಕೆಟ್ಟಿನ ಬೆಲೆಯನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಎಂದಮೇಲೆ ಕರ್ನಾಟಕದ ಬಸ್ಸುಗಳಲ್ಲಿ ಅತಿ ದೊಡ್ಡ ಪ್ರಯಾಣಿಕ ಯಾರು? ಸರ್ಕಾರವೇ. ದರ ಏರಿಸುವವನೂ ಅವನೇ, ಏರಿದ ದರ ಕೊಡಬೇಕಾದವನೂ ಅವನೇ, 'ಚಿಲ್ಲರೆ ಇಲ್ಲ, ಆಮೇಲೆ ಕೊಡ್ತೀನಿ' ಎನ್ನುವವನೂ ಅವನೇ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ, ಯಾವುದೇ ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಆ ಸಂಖ್ಯೆ ಇದ್ದಂತೆಯೇ ಇರುತ್ತದೆ ಎಂದ. ಮುಂದಿನ ಗಣಿತಜ್ಞರು ಇದು ತಪ್ಪೆಂದರು. ಪಾಪ, ಅವರು ಹಣಕಾಸು ಇಲಾಖೆಯನ್ನು ಕಂಡವರಲ್ಲ. ಬಾಕಿ ಮೊತ್ತವನ್ನು ಶೂನ್ಯ ಟಿಕೆಟ್ಟಿನಿಂದ ಎಷ್ಟು ಸಲ ಭಾಗಿಸಿದರೂ ಬಾಕಿ ಇದ್ದಂತೆಯೇ ಇರುತ್ತದೆ. ಈ ಲೆಕ್ಕದ ಒಂದು ತುದಿಯಲ್ಲಿ ಕಂಡಕ್ಟರನೂ ಇದ್ದಾನೆ: 38 ತಿಂಗಳ ವೇತನ ಪರಿಷ್ಕರಣೆಯ ಹಿಂಬಾಕಿಗಾಗಿ 2025ರ ಆಗಸ್ಟ್ 5ರಂದು ಬಸ್ಸು ನಿಲ್ಲಿಸಿದವನು. ಅವನ ಕೊರಳಲ್ಲಿ ಮಷಿನ್ನು, ಬಗಲಲ್ಲಿ ಬ್ಯಾಗು, ಎದುರಿಗೆ ನೂರರ ನೋಟು ಹಿಡಿದ ಐವತ್ತು ಗಂಡಸರು. ಅವನ ಬಗ್ಗೆ ಅಣಕ ಬರೆಯಲು ಈ ಶಾಸ್ತ್ರಕಾರನಿಗೆ ಕೈ ಬರಲಿಲ್ಲ.

ಶಕ್ತಿ ಆದೇಶದಲ್ಲೇ ಗಂಡಸರಿಗೆ ಅರ್ಧದಷ್ಟು ಸೀಟು ಮೀಸಲು ಎಂಬ ಮಾತಿದೆ. ಪುರುಷ ಮೀಸಲಾತಿ ಸಾಧಿಸಿದ ಜಗತ್ತಿನ ವಿರಳ ನಾಡುಗಳಲ್ಲಿ ನಮ್ಮದೂ ಒಂದು. ಅದು ಬನದ ಹುಣ್ಣಿಮೆಯ ಜಾತ್ರೆಗೆ ಹೇಗೆ ಅನ್ವಯಿಸುತ್ತದೆ ಎಂಬುದೇ ಪ್ರಶ್ನೆ. ದರ ಏರಿದ್ದು ಜನವರಿ 5ಕ್ಕೆ. ಬಾದಾಮಿ ಬನಶಂಕರಿಯ ತೇರು 13ಕ್ಕೆ. ನಾಟಕ ಕಂಪನಿಗಳು ಪರದೆ ಕಟ್ಟಿಯಾಗಿತ್ತು. ಅಂಥ ಜಾತ್ರೆಯ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಹಿಡಿದ ಸೀಟಿನ ಮೇಲೆ ಕೂತ ಅವ್ವನಿಗೆ ಆದೇಶದ ಪ್ರತಿ ತೋರಿಸಿ ನೋಡಿರಿ. 'ಓದಾಕ ಬರೂದಿಲ್ಲಪಾ' ಎಂದು ಎಲೆಯಡಿಕೆ ಚೀಲ ಬಿಚ್ಚುತ್ತಾಳೆ.

ಪಾಶ್ಚಾತ್ಯರ ಮತವನ್ನೂ ಪರಿಶೀಲಿಸಬೇಕಲ್ಲ. ಅಮೆರಿಕದ ಸಿಂಪ್ಸನ್–ಕರ್ಟಿನ್ ಸೂತ್ರದ ಪ್ರಕಾರ ದರ ಶೇ 3 ಏರಿದರೆ ಪ್ರಯಾಣಿಕರು ಶೇ 1 ಕಡಿಮೆಯಾಗುತ್ತಾರೆ. ಹಾಗಾದರೆ ಶೇ 15ಕ್ಕೆ ನೂರರಲ್ಲಿ ಐವರು ಬಸ್ಸು ಬಿಡಬೇಕು. ಹುನಗುಂದ–ಇಳಕಲ್ಲ ಬಸ್ಸಿನಲ್ಲಿ ಮುಂಜಾನೆ ಈ ಐವರನ್ನು ಹುಡುಕಿದೆವು. ಬಸ್ಸಿನ ಒಳಗಿದ್ದವರು ಇಳಿಯಬೇಕೆಂದರೂ ಇಳಿಯುವಂತಿರಲಿಲ್ಲ. ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರು ಐವರೇ ಇದ್ದರು, ಅವರದು ಪಾಸು. ಸೂತ್ರ ಇಲ್ಲಿಗೆ ಹೊಂದುವುದಿಲ್ಲ, ಯಾಕೆಂದರೆ ಬಸ್ಸು ಬಿಟ್ಟು ಎಲ್ಲಿಗೆ ಹೋಗಬೇಕು ಎಂಬುದನ್ನು ಆ ಪಂಡಿತರು ಹೇಳಿಲ್ಲ. ಟಂಟಂ ಇದೆ, ಅದು ತುಂಬುವ ತನಕ ಹೊರಡುವುದಿಲ್ಲ, ತುಂಬಿದ ಮೇಲೂ ನಾಲ್ವರನ್ನು ಹತ್ತಿಸುತ್ತದೆ. ಕಲ್ಕತ್ತೆಯಲ್ಲಿ 1953ರಲ್ಲಿ ಟ್ರಾಮಿನ ದರ ಒಂದೇ ಪೈಸೆ ಏರಿತೆಂದು ಊರಿಗೆ ಊರೇ ಬೀದಿಗಿಳಿದು ದರ ಇಳಿಸಿತು. ನಮ್ಮಲ್ಲಿ ಬೀದಿಗಿಳಿಯಲು ಮೊದಲು ಬಸ್ಸಿನಿಂದ ಇಳಿಯಬೇಕು. ಸೀಟು ಹೋಗುತ್ತದೆ.

ಚಿಲ್ಲರೆ ಪ್ರಕರಣವನ್ನು ಬೇಗ ಮುಗಿಸುತ್ತೇನೆ. ಹತ್ತಕ್ಕೆ ಶೇ 15 ಕೂಡಿಸಿದರೆ ಹನ್ನೊಂದೂವರೆ. ಕಾಯಿದೆಯ ಪ್ರಕಾರ ಎಂಟಾಣೆ ಇಂದಿಗೂ ಹತ್ತು ರೂಪಾಯಿ ಮೊತ್ತದ ತನಕ ಚಲಾವಣೆಯ ನಾಣ್ಯ. ಲೋಕದಲ್ಲಿ ಅದು ದೇವರಂತೆ, ಇದೆ ಎಂದು ಎಲ್ಲರೂ ಒಪ್ಪುತ್ತಾರೆ, ಕಂಡವರಿಲ್ಲ. ಹತ್ತರ ನಾಣ್ಯದ್ದು ಇದಕ್ಕೆ ತದ್ವಿರುದ್ಧ: ಕಣ್ಣೆದುರಿಗೇ ಇದೆ, ರಿಸರ್ವ್ ಬ್ಯಾಂಕು ಹದಿನಾಲ್ಕು ವಿನ್ಯಾಸಗಳೂ ಸಾಚಾ ಎಂದು ಸಾರಿದೆ, ಆದರೆ 'ಇದು ನಡಿಯೂದಿಲ್ರಿ' ಎನ್ನುವ ಅಂಗಡಿಗಳಿಗೆ ಕೊರತೆಯಿಲ್ಲ. ಇವೆರಡರ ನಡುವೆ ಕಂಡಕ್ಟರ್ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು 'ಇಳಿಯೂ ಮುಂದ ಇಸ್ಕೋರಿ' ಎಂದು ಮುಂದೆ ಸರಿಯುತ್ತಾನೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ಸೌಕರ್ಯ ಬಂದ ಮೇಲೆ ಈ ಸಾಹಿತ್ಯಪ್ರಕಾರ ಅಳಿವಿನ ಅಂಚಿನಲ್ಲಿದೆ.

ಕ್ಷೇತ್ರಕಾರ್ಯದಲ್ಲಿ ದೊರೆತ ಒಂದು ಸಾಕ್ಷ್ಯ ಮಾತ್ರ ನಮ್ಮ ಶಾಸ್ತ್ರವನ್ನು ಬುಡಮೇಲು ಮಾಡಿತು. ಅಮೀನಗಡದಲ್ಲಿ ಕರದಂಟಿನ ಪೊಟ್ಟಣ ಹಿಡಿದು ಮಾರುವವರು ಕಿಟಕಿಗೆ ಮುತ್ತಿದ ಹೊತ್ತಿಗೆ ಹತ್ತಿದ ಮುದುಕಿ, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಬಗಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಮಿಕ್ಸರ್.

'ಎಲ್ಲಿಗಿ ಹೊಂಟೀ ಯವ್ವಾ?'

'ಇಳಕಲ್ಲಕ್ಕಪಾ. ಇದು ತಿರಗವಲ್ದು, ರಿಪೇರಿಗೆ.'

'ಮನ್ಯಾಗ ಗಂಡಸರಿಲ್ಲೇನು?'

'ಅದಾರ. ಮೂವರು ಅದಾರ. ಅವ್ರು ಬಂದ್ರ ರೊಕ್ಕ ಹತ್ತೈತಿ, ನಾ ಬಂದ್ರ ಪುಕ್ಕಟ. ಬ್ಯಾಂಕಿಗೂ ನಾನ, ಔಷಧ ತರಾಕೂ ನಾನ, ಬೀಗರ ಮನಿಗೂ ನಾನ. ರೇಟ್ ಏರಿಸಿದ ಮ್ಯಾಲಂತೂ ಅವ್ರು ಕಟ್ಟಿ ಬಿಟ್ಟು ಏಳೂದ ಇಲ್ಲ.' ಆಮೇಲೆ ಮಿಕ್ಸರನ್ನು ನನ್ನ ತೊಡೆಯ ಮೇಲಿಟ್ಟು, 'ಸ್ವಲ್ಪ ಹಿಡಕೋಪಾ, ಕೂಡಲಸಂಗಮಕ್ಕೂ ಹೋಗಿ ಬರಬೇಕಂತ ಮಾಡೀನಿ. ಹೇಳಬ್ಯಾಡ ಯಾರಿಗೂ' ಎಂದಳು.

ಆದ್ದರಿಂದ ತೃತೀಯ ಸೂತ್ರ: ಗಂಡಸಿನ ದರ ಏರಿದಷ್ಟೂ ಹೆಂಗಸಿನ ಊರು ದೊಡ್ಡದಾಗುತ್ತದೆ. ಸಮಾಜ ಸುಧಾರಕರು ನೂರು ವರ್ಷ ಭಾಷಣ ಮಾಡಿ ಹೊಸ್ತಿಲು ದಾಟಿಸಲಾಗದವರನ್ನು ಶೇ 15 ದಾಟಿಸಿದೆ. ಶೇ 30 ಆದರೆ ಆಸ್ತಿ ನೋಂದಣಿಗೂ ಅವರೇ ಹೋಗುತ್ತಾರೆ. ಶೇ 50 ಆದರೆ ಕಟ್ಟೆಯ ಮೇಲಿನ ರಾಜಕೀಯವನ್ನೂ ಬಸ್ಸಿನೊಳಗೆ ಅವರೇ ಮುಗಿಸಿಕೊಂಡು ಬರುತ್ತಾರೆ. ದರ ಏರಿಕೆಗೆ ಶಾಸ್ತ್ರದ ಸಂಪೂರ್ಣ ಅನುಮೋದನೆ ಇದೆ.

ಈ ಪ್ರಬಂಧವನ್ನು ಹುಬ್ಬಳ್ಳಿಯ ಕೇಂದ್ರ ಕಚೇರಿಗೆ ಖುದ್ದಾಗಿ ಒಪ್ಪಿಸಬೇಕಾಗಿತ್ತು. ಎರಡೂ ಕಡೆಯ ಟಿಕೆಟ್ ಲೆಕ್ಕ ಹಾಕಿದ ಮೇಲೆ ನಮ್ಮ ಮನೆಯವರನ್ನೇ ಕಳಿಸಿದೆ. ಒಪ್ಪಿಸಿಯಾಯಿತು, ಹಂಗ ಶಿರಸಿ ಮಾರಿಕಾಂಬಾ ಗುಡಿಗೆ ಹೊಂಟೀನಿ ಎಂದು ಫೋನು ಬಂತು. ಮರುದಿನ ಗೋಕರ್ಣದಿಂದ ಬಂತು. ಜೋಳದ ಹಿಟ್ಟು ಯಾವ ಡಬ್ಬಿಯಲ್ಲಿದೆ ಎಂದು ಕೇಳುವಷ್ಟರಲ್ಲಿ ಕಂಡಕ್ಟರ್ ರೈಟ್ ಅಂದ ಸಪ್ಪಳ ಕೇಳಿಸಿ ಫೋನು ಕಟ್ಟಾಯಿತು.