ಟಿಕೆಟ್ ಆಮೇಲೆ ತಗೊಳ್ಳಿ, ರಾಯರೇ

ಏನು ರಾಯರೇ, ಬೆಳ್ಳಂಬೆಳಗ್ಗೆ ಟ್ರೈಪಾಡು, ಲೆನ್ಸು ಎಲ್ಲ ಜಗಲಿ ಮೇಲೆ ಹರವಿಕೊಂಡು ಕೂತಿದ್ದೀರಿ? ಫ್ರಾನ್ಸಿಗಾ? ಲ್ಯಾವೆಂಡರ್ ಹೊಲದ ಫೋಟೋ ತೆಗೆಯೋಕೆ? ಭೇಷ್! ಯಾವಾಗ? ಆಗಸ್ಟ್ 15ರ ರಜೆಗೆ ಇನ್ನಷ್ಟು ರಜೆ ಅಂಟಿಸಿಕೊಂಡು... ಅಯ್ಯೋ, ಟಿಕೆಟ್ ತಗೊಂಡಿಲ್ಲ ತಾನೆ? ಸದ್ಯ, ಬದುಕಿದಿರಿ.

ಇರಿ, ಕಾಂಪೌಂಡ್ ಹತ್ತಿರ ಬನ್ನಿ, ಹೇಳ್ತೀನಿ. ನೀವು ನೋಡಿರೋ ಫೋಟೋಗಳು ಬಹುಪಾಲು ಪ್ರೊವಾನ್ಸ್ ಸೀಮೆಯ ವಲಾನ್ಸೋಲ್ ಪ್ರಸ್ಥಭೂಮಿಯವು. ಅಲ್ಲಿ ಹೂವು ಕಣ್ತುಂಬಾ ಸಿಗೋದು ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ, ಅಷ್ಟೇ. ಆ ವರ್ಷದ ಬಿಸಿಲು ನೋಡಿಕೊಂಡು ಅದೂ ಒಂದು ವಾರ ಹಿಂದೆಮುಂದೆ ಆಗುತ್ತೆ. ಆಮೇಲೆ ಯಂತ್ರ ಇಳೀತು ಅಂದ್ರೆ ಮುಗೀತು. ಇವತ್ತು ಬೆಳಗ್ಗೆ ನೇರಳೆಯಾಗಿದ್ದ ಹೊಲ ಸಂಜೆಗೆ ಬರೀ ಬೂದುಹಸಿರು ಬುಡ. ರೈತ ನಮ್ಮ ಕ್ಯಾಮೆರಾಗೆ ಅಂತ ಬೆಳೆದಿದ್ದಲ್ಲವಲ್ಲ, ಎಣ್ಣೆಗೆ ಬೆಳೆದಿದ್ದು. ಎಣ್ಣೆ ಕೂಡಿತು ಅಂದ್ರೆ ಕೊಯ್ತಾನೆ. ನಾವು ರಜೆ ಹಾಕಿ ಬಂದಿದ್ದೀವಿ ಅಂತ ನಿಲ್ಲಿಸ್ತಾನಾ?

ಏನು, ಸೋ ಅನ್ನೋ ಊರಲ್ಲಿ ಆಗಸ್ಟ್ 15ಕ್ಕೇ ಲ್ಯಾವೆಂಡರ್ ಹಬ್ಬ ಅಂತ ಓದಿದಿರಾ? ನಿಜ, ಇದೆ. ಆದರೆ ಅದು ಸುಗ್ಗಿಯ ಹಬ್ಬ ಸ್ವಾಮಿ. ಕುಡುಗೋಲಲ್ಲಿ ಹೂ ಕೊಯ್ಯೋ ಪಂದ್ಯ ಬೇರೆ ನಡೆಯುತ್ತೆ. ಸಂಕ್ರಾಂತಿಗೆ ಮಂಡ್ಯಕ್ಕೆ ಹೋಗಿ ‘ಎಲ್ರೀ ಗದ್ದೆಯ ಹಸಿರು’ ಅಂತ ಕೇಳಿದ ಹಾಗಾಗುತ್ತೆ ನಿಮ್ಮ ಕಥೆ. ಹಾಗಂತ ಸೋ ಊರನ್ನು ಪಟ್ಟಿಯಿಂದ ತೆಗೀಬೇಡಿ. ಅದು ಎತ್ತರದ ಜಾಗ, ಅಲ್ಲಿ ಹೂವು ತಡ. ವಲಾನ್ಸೋಲ್ ಸುಮಾರು 500–600 ಮೀಟರ್ ಎತ್ತರದಲ್ಲಿದ್ದರೆ, ಸೋ 750ರ ಮೇಲೆ. ಜುಲೈ ಎರಡನೇ ವಾರಕ್ಕೆ ಹೋದಿರೋ, ಕೆಳಗೆ ಕೊಯ್ಲು ಶುರುವಾಗಿದ್ದರೂ ಮೇಲೆ ಹತ್ತಿದರೆ ಹೂವು ಸಿಕ್ಕೇ ಸಿಗುತ್ತೆ. ರೂಮನ್ನು ಎರಡೂ ಕಡೆ ಹಂಚಿ ತಗೊಳ್ಳಿ, ಬೇಡ ಅಂದ್ರೆ ಕ್ಯಾನ್ಸಲ್ ಮಾಡೋ ಹಾಗಿರಲಿ. ವೀಸಾ ಅರ್ಜಿ 6 ತಿಂಗಳು ಮುಂಚೆಯೇ ಹಾಕಬಹುದು. ಬಸ್ಸು ನಂಬಿಕೊಂಡರೆ ಆಗಲ್ಲ, ಕಾರು ಬೇಕೇ ಬೇಕು. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು ತಮಾಷೆ ಕೇಳಿ. ವಲಾನ್ಸೋಲಲ್ಲಿ ಎಲ್ಲರೂ ಲ್ಯಾವೆಂಡರ್ ಲ್ಯಾವೆಂಡರ್ ಅಂತ ಕುಣಿದಾಡೋ ಗಿಡ ಬಹುಪಾಲು ಲ್ಯಾವಂಡಿನ್. ಎರಡು ಜಾತಿ ಲ್ಯಾವೆಂಡರ್ ಬೆರೆತು ಹುಟ್ಟಿದ ಮಿಶ್ರತಳಿ. ಅದರಲ್ಲಿ ಬೀಜ ಕಟ್ಟಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಎಣ್ಣೆ ಮಾತ್ರ ಧಾರಾಳ. ವಾಸನೆಯಲ್ಲಿ ಕರ್ಪೂರದ ಘಾಟು ಸ್ವಲ್ಪ ಜಾಸ್ತಿ. ಮೂಲ ಲ್ಯಾವೆಂಡರಿನ ಎಣ್ಣೆಗೆ 1981ರಿಂದ ಸರ್ಕಾರಿ ಮುದ್ರೆ ಇದೆ, ಆ ಮುದ್ರೆ ಬೇಕಿದ್ರೆ 800 ಮೀಟರಿಗಿಂತ ಮೇಲೆ ಬೆಳೆದಿರಬೇಕು. ಗುರುತು ಹಿಡಿಯೋದು ಸುಲಭ. ಒಂದು ತೆನೆ ಬೆರಳಲ್ಲಿ ಹಿಡಿದು ನೋಡಿ, ಕೀಳಬೇಡಿ ಮತ್ತೆ. ಮೂಲದ್ದಕ್ಕೆ ಗಿಡ್ಡ ಕಡ್ಡಿ, ತುದಿಗೆ ಒಂದೇ ತೆನೆ. ಲ್ಯಾವಂಡಿನ್ ಕಡ್ಡಿ ಉದ್ದ, ತೆನೆಯ ಕೆಳಗೆ ಅಕ್ಕಪಕ್ಕ ಎರಡು ಮರಿತೆನೆ ಇಣುಕ್ತಿರುತ್ತೆ. ಇನ್ನೂ ಹತ್ತಿರ ಹೋದರೆ, ತೆನೆಯಲ್ಲಿ ಬಿರಿದ ಹೂ ಕೆಲವೇ ಕೆಲವು. ಬಣ್ಣದ ಅರ್ಧ ಪಾಲು ಹೂವನ್ನ ಬುಡದಲ್ಲಿ ಹಿಡಿದಿರೋ ಪುಷ್ಪಪಾತ್ರೆಯದ್ದೇ. ಕ್ಲೋಸಪ್ ತೆಗೆಯೋರು ಇದನ್ನ ಗಮನಿಸಬೇಕು. ಬಿರಿದಿದ್ದೆಲ್ಲ ಬಾಡಿ ಉದುರಿದ ಮೇಲೆ ದೂರದಿಂದ ನೇರಳೆ ಕಂಡರೂ ಹತ್ತಿರಕ್ಕೆ ಬೂದಿ ಬೂದಿ.

ನಿಮ್ಮ ವೈಡ್ ಆಂಗಲ್ ಲೆನ್ಸ್ ಬಗ್ಗೆ ಬೇಜಾರಾಗಬೇಡಿ, ಆದರೆ ಅದೊಂದನ್ನೇ ಹೊತ್ತುಕೊಂಡು ಹೋಗಬೇಡಿ. ನಿಂತುಕೊಂಡು ವೈಡ್‌ನಲ್ಲಿ ತೆಗೆದರೆ ಸಾಲಿಗೂ ಸಾಲಿಗೂ ನಡುವಿನ ಕಲ್ಲುನೆಲ ಬಾಯಿ ಬಿಟ್ಕೊಂಡು ಕಾಣುತ್ತೆ. ಆ ಹೊಲಗಳಲ್ಲಿ ಮಣ್ಣಿಗಿಂತ ಉರುಟುಗಲ್ಲೇ ಹೆಚ್ಚು. ಮಂಡಿಯೂರಿ, ಹೂವಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ. ಇಲ್ಲವೇ ದೂರ ನಿಂತು 200 ಎಂಎಂ ಹಾಕಿ, ಸಾಲುಗಳು ಒತ್ತಿಕೊಂಡು ನೆಲ ಮಾಯ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಫೋಟೋದಿಂದ ಫೋಟೋಗೆ ನೇರಳೆ ಬದಲಾಗುತ್ತೆ, ಡೇಲೈಟಿಗೆ ಕಟ್ಟಿಹಾಕಿ. ಮಧ್ಯಾಹ್ನ ಮಲಗಿಬಿಡಿ, ಆ ಬಿಸಿಲಿಗೆ ಬಣ್ಣವೆಲ್ಲ ಸಪ್ಪೆ. ಅಲ್ಲಿ ಸೂರ್ಯ ಮುಳುಗೋದೇ ರಾತ್ರಿ 9 ಗಂಟೆ ದಾಟಿದ ಮೇಲೆ. ನೀವು ಟ್ರೈಪಾಡ್ ಮಡಚಿ ಹಳ್ಳಿಗೆ ಬರೋ ಹೊತ್ತಿಗೆ ಹೋಟೆಲಿನವರು ಒಲೆ ಆರಿಸಿರ್ತಾರೆ. ಡಬ್ಬಿಯಲ್ಲಿ ಚಟ್ನಿಪುಡಿ, ಅವಲಕ್ಕಿ ಏನಾದ್ರೂ ಇಟ್ಕೊಂಡಿರಿ.

ಸೆನಾಂಕ್ ಮಠ? 1148ರಲ್ಲಿ ಸ್ಥಾಪನೆಯಾದದ್ದು, ಮುಂದೆ ಲ್ಯಾವೆಂಡರ್ ಸಾಲು, ಹಿಂದೆ ಕಲ್ಲುಗೋಡೆ... ಎಲ್ಲ ಕ್ಯಾಲೆಂಡರಲ್ಲೂ ಅದೇ ಇದೆ ರಾಯರೇ! ಇಕ್ಕಟ್ಟು ಕಣಿವೆ, ಬೆಳಗಿನ ಬಿಸಿಲು ಅಲ್ಲಿಗೆ ಇಳಿಯೋದೇ ತಡ. ನನ್ನ ಕೇಳಿದರೆ ಬಿಟ್ಟರೂ ನಷ್ಟವಿಲ್ಲ. ಹೋದರೂ ಬೇಲಿಯಾಚೆ ನಿಂತು ತೆಗೀರಿ, ಅದು ಸನ್ಯಾಸಿಗಳು ಬೆಳೆದ ಹೊಲ.

ಜನ? ಜಾತ್ರೆ! ಗುಂಡ್ಲುಪೇಟೆ ರಸ್ತೆಯ ಸೂರ್ಯಕಾಂತಿ ಹೊಲಗಳಿಗೆ ಊಟಿಗೆ ಹೊರಟವರೆಲ್ಲ ಕಾರು ನಿಲ್ಲಿಸಿ ನುಗ್ಗಿ, ರೈತರು ಸೆಲ್ಫಿಗೆ ದುಡ್ಡು ವಸೂಲಿ ಶುರುಮಾಡಿದರಲ್ಲ? ವಲಾನ್ಸೋಲಲ್ಲೂ ಗಿಡ ತುಳಿಯಬೇಡಿ, ಹೂ ಕೀಳಬೇಡಿ ಅಂತ ಬೋರ್ಡು ಹಾಕಿ ಸುಸ್ತಾಗಿದ್ದಾರೆ. ನಮ್ಮ ರೈತರು ದುಡ್ಡು ಕೇಳಿದ್ದು ಸರೀನೇ ಅಂತೀನಿ ನಾನು. ಮದುವೆ ಡ್ರೆಸ್ಸಲ್ಲಿ ಫೋಟೋ ತೆಗೆಸಿಕೊಳ್ಳೋ ಹುಡುಗಿಯರ ಕಾಟ ತಪ್ಪಬೇಕಾದರೆ ಬೆಳಗ್ಗೆ 6ಕ್ಕೆ ಹೊಲದಂಚಿನಲ್ಲಿರಿ.

ಖರ್ಚು ಕೇಳಿ ಎದೆ ಧಸಕ್ಕೆಂದರೆ, ಜಮ್ಮುವಿನ ಡೋಡಾ ಜಿಲ್ಲೆಯ ಭದರ್‌ವಾಹಕ್ಕೆ ಹೋಗಿ. ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ನವರು ಸಸಿ ಕೊಟ್ಟು, ಮುಸುಕಿನ ಜೋಳ ಬೆಳೀತಿದ್ದವರ ಕೈಲಿ ಲ್ಯಾವೆಂಡರ್ ಬೆಳೆಸಿದ್ದಾರೆ. ಜೂನ್, ಜುಲೈಯಲ್ಲಿ ಹೂವು. ದಿಗಂತದವರೆಗೆ ಸಾಲು ಸಿಗಲ್ಲ, ಬೆಟ್ಟದ ಮೆಟ್ಟಿಲು ಮೆಟ್ಟಿಲು ತುಂಡುಹೊಲ. ಆದರೆ ಹಿಂದೆ ದೇವದಾರು ಮರ ಇರುತ್ತೆ, ವೀಸಾ ಬೇಡ.

ಹಾಂ, ಮನೆಯವರು ನೇರಳೆ ರೇಷ್ಮೆ ಸೀರೆ ತೆಗೆದಿಟ್ಟಿದ್ದಾರಾ? ಬೇಡ ಅನ್ನಿ, ಹೊಲದಲ್ಲಿ ತಲೆಯೊಂದೇ ತೇಲಿದಂತೆ ಕಾಣುತ್ತೆ. ಅರಿಶಿನ ಬಣ್ಣ ಉಡಲಿ, ಇಲ್ಲವೇ ಬಿಳಿ. ಸಾಲಿನೊಳಗೆ ನೆರಿಗೆ ಎತ್ತಿ ಹಿಡಿದೇ ನಡೀಬೇಕು. ಆ ಹೊಲದಲ್ಲಿ ಕಣ್ಣುಮುಚ್ಚಿ ನಿಂತರೂ ಕೇಳೋದು ಜೇನುಹುಳದ ಗುಂಯ್ ಸದ್ದೇ. ಒಂದು ಹುಳ ನೆರಿಗೆಯೊಳಗೆ ಹೊಕ್ಕರೂ ಆ ಟ್ರಿಪ್‌ನಲ್ಲಿ ನಿಮಗೆ ಇನ್ನೊಂದು ಫೋಟೋ ತೆಗೆಯೋಕೆ ಬಿಡಲ್ಲ ನಿಮ್ಮ ಮನೆಯವರು.