ಊರು ತೋರಿಸುವ ಭಾವ

ನೆಂಟರ ಮನೆಗೆ ಹೋದ ಮರುದಿನ, ನಾವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾರಿನ ಕೀಲಿ ಹಿಡಿದು ನಿಂತಿರುವ ಒಂದು ಜಾತಿಯ ಜನರಿದ್ದಾರೆ. ಕೆನಡಾದ ಕ್ಯಾಲ್ಗರಿಯಲ್ಲಿರುವ ನಮ್ಮ ಭಾವ ಈ ಜಾತಿಗೆ ಯಜಮಾನರು. ಯಾರೇ ಬರಲಿ, ಅವರು ತೋರಿಸುವುದು ಒಂದೇ ಊರು: ಡ್ರಮ್‌ಹೆಲರ್.

ಒಂದೂವರೆ ಗಂಟೆ ರೊಟ್ಟಿ ತಟ್ಟಿದಂಥ ಬಯಲು. ನನಗೆ ತೂಕಡಿಕೆ ಹತ್ತುವ ಹೊತ್ತಿಗೆ ಭಾವ "ಈಗ ನೋಡು, ಈಗ ನೋಡು" ಅಂದರು. ನೆಲ ತಟ್ಟನೆ ಕುಸಿದು ರೆಡ್ ಡೀರ್ ನದಿಯ ಕಣಿವೆ ತೆರೆದುಕೊಂಡಿತು. ಬೂದು, ಕಂದು, ಕಪ್ಪು ಪಟ್ಟೆಗಳ ಬೋಳು ಗುಡ್ಡಗಳು. ಬೆರಗಾಗುವಂತೆಯೇ ಇತ್ತು. ಆದರೆ ರಾತ್ರಿಯಿಡೀ ತಾವೇ ಅದನ್ನು ಅಗೆದಿಟ್ಟಂಥ ಕಳೆ ಭಾವನ ಮುಖದಲ್ಲಿದ್ದುದರಿಂದ ನಾನು ಬರೀ "ಹೂಂ" ಅಂದೆ.

1884ರಲ್ಲಿ ಜೋಸೆಫ್ ಟಿರೆಲ್ ಕಲ್ಲಿದ್ದಲು ಹುಡುಕುತ್ತ ಬಂದು ಡೈನೋಸಾರ್ ತಲೆಬುರುಡೆ ಕಂಡದ್ದು ಇಲ್ಲಿಯೇ. ಅವರ ಹೆಸರಿನ ಮ್ಯೂಸಿಯಂ 1985ರಲ್ಲಿ ತೆರೆದದ್ದು. ಇಡೀ ದಿನ ಕಳೆಯಬಹುದಿತ್ತು. ಭಾವ 40 ನಿಮಿಷ ಕೊಟ್ಟರು. ತಲೆ ಮೇಲೆ ಚಪ್ಪಡಿ ಹೊತ್ತ ಮರಳುಗಲ್ಲಿನ ಕಂಬಗಳಿಗೆ 10 ನಿಮಿಷ. ಆರೇ ಜನ ಕೂರುವ ಪುಟ್ಟ ಚರ್ಚಿನ ಮುಂದೆ "ಸಾವಿರಾರು ಜನ ಕೂರಬಹುದು, ಒಂದು ಸಲಕ್ಕೆ ಆರೇ ಮಂದಿ" ಎಂಬ ಆ ಊರಿನ ಹಳೇ ಜೋಕನ್ನು ತಮ್ಮದೆಂಬಂತೆ ಹೇಳಿ, ನಾನು ನಗುವ ತನಕ ಕಾರು ಹೊರಡಿಸಲಿಲ್ಲ.

ಈ ಅವಸರವೆಲ್ಲ ವೇಯ್ನ್ ಎಂಬ ಹಳೆಯ ಗಣಿಹಳ್ಳಿಗಾಗಿ. ರೋಸ್‌ಬಡ್ ಹೊಳೆ ಹಾವಿನಂತೆ ಹೊರಳುವುದರಿಂದ ಅಲ್ಲಿನ ಪುಟ್ಟ ದಾರಿ 11 ಸೇತುವೆಗೆ ಹೆಸರುವಾಸಿ. "ಎಲ್ಲರೂ ಜೋರಾಗಿ ಎಣಿಸಬೇಕು" ಎಂದು ಅಪ್ಪಣೆಯಾಯಿತು. ಆರೋ ಏಳೋ ಆಗುವಾಗ ಅಕ್ಕ ಚಿತ್ರಾನ್ನದ ಡಬ್ಬಿ ಕೈಗಿಟ್ಟಳು. ಕೊನೆಗೆ ನನ್ನ ಲೆಕ್ಕ ಎಂಟಕ್ಕೆ ನಿಂತಿತು. ಅಕ್ಕ "ಹನ್ನೆರಡು" ಅಂದಳು. ಅವಳು ಎಣಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಭಾವ ತುಟಿ ಪಿಟಕ್ಕೆನ್ನದೆ ಕಾರು ತಿರುಗಿಸಿ ಮೊದಲ ಸೇತುವೆಗೆ ಒಯ್ದರು. ಈ ಸಲ ನಾನು ಕಣ್ಣು ಮುಚ್ಚಿಕೊಂಡೇ "ಹನ್ನೊಂದು" ಅಂದೆ.

"ಆಗಲೇ ಹೇಳೋಕೇನಾಗಿತ್ತಯ್ಯಾ?"

ಹಾಗೆ ನೋಡಿದರೆ ನನಗೆ ನಗುವ ಹಕ್ಕಿಲ್ಲ. ಏಪ್ರಿಲ್ ಬಿಸಿಲಲ್ಲಿ ಸಾಗರಕ್ಕೆ ಬಂದ ನೆಂಟರನ್ನು ಜೋಗಕ್ಕೆ ಎಳೆದೊಯ್ದು, ಒಣ ಬಂಡೆ ತೋರಿಸಿ "ಇಲ್ಲಿ ರಾಜಾ ಬೀಳ್ತಾನೆ, ಅಲ್ಲಿ ರಾಣಿ" ಎಂದವನು ನಾನು.

ಕೊನೆಗೆ ಊರ ನಡುವಿನ ದೈತ್ಯ ಡೈನೋಸಾರ್. ಸುಮಾರು 26 ಮೀಟರ್ ಎತ್ತರದ ಗೊಂಬೆ; ಒಳಗೆ 106 ಮೆಟ್ಟಿಲು ಹತ್ತಿದರೆ ಅದರ ಬಾಯೊಳಗೆ ನಿಂತು ಊರು ನೋಡಬಹುದು.

"ನೀನು ಹೋಗಿ ಬಾ. ನನ್ನ ಮಂಡಿ ಈಗ ಕೇಳಲ್ಲ," ಎಂದರು ಭಾವ. "ಮಾವನವರು ಎಲ್ಲೂ ಕೂರದೆ ಹತ್ತಿದ್ರು. ಮೇಲಿಂದ ಶಾಲು ಬೀಸಿದ್ರು."

ಅಪ್ಪ ಹೋಗಿ ಆರು ವರ್ಷ. ಶಾಲಿನ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರಿಗೆ ಬಂದು ಅವರು ಹೇಳಿದ್ದು "ಮೆಟ್ಟಿಲು ಜಾಸ್ತಿ" ಅಂತಷ್ಟೇ. ಹಲ್ಲುಗಳ ಸಂದಿಯಿಂದ ಬಗ್ಗಿ ನೋಡಿದೆ. ಕೆಳಗೆ ಭಾವ ಕತ್ತೆತ್ತಿ ನಿಂತಿದ್ದರು. ನನ್ನ ಹತ್ತಿರ ಶಾಲಿರಲಿಲ್ಲ, ಕರ್ಚೀಫು ಬೀಸಿದೆ.

ವಾಪಸು ಬರುವಾಗ "ಊರಿಂದ ಇನ್ನು ಯಾರು ಬರ್ತಿದಾರೆ?" ಎಂದು ಎರಡು ಸಲ ಕೇಳಿದರು. ಯಾರೂ ಇಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. ಆದ್ದರಿಂದ ನಿಮ್ಮಲ್ಲಿ ಯಾರಾದರೂ ಕ್ಯಾಲ್ಗರಿ ಕಡೆ ಹೋಗುವವರಿದ್ದರೆ ದಯವಿಟ್ಟು ನನಗೆ ತಿಳಿಸಿ. ಚಿತ್ರಾನ್ನ ಅಕ್ಕ ಕಟ್ಟಿಕೊಡುತ್ತಾಳೆ. ಸೇತುವೆ 11, ಮರೆಯಬೇಡಿ.