ಸ್ತಬ್ಧಗವಾಕ್ಷಮೀಮಾಂಸೆ

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಹಿರಿಯರ ಪದ್ಧತಿ. ವಿಷಯ: ಕೀಲಿ ಒತ್ತಿದೊಡನೆ ಕಂಪ್ಯೂಟರಿನ ಕಿಟಕಿ ಕಲ್ಲಾಗುವುದೇಕೆ ಎಂಬುದು. ಅಧಿಕಾರಿ: ಒಮ್ಮೆ ಒತ್ತಿ, ಏನೂ ಆಗದೆ, ಅದೇ ಕೀಲಿಯನ್ನು ಇನ್ನಷ್ಟು ಜೋರಾಗಿ ಒತ್ತಿದವನು. ಪ್ರಯೋಜನ: ಕೀಲಿಮಣೆಯ ಆಯುರ್ವೃದ್ಧಿ. ಸಂಬಂಧ: ಒತ್ತಿದವನಿಗೂ ಪರದೆಗೂ ಸದ್ಯಕ್ಕೆ ಯಾವುದೂ ಉಳಿದಿಲ್ಲ.

ಗವಾಕ್ಷಲೋಕದಲ್ಲಿ ಕರ್ತೃ ಒಬ್ಬನೇ. ಅವನಿಗೆ ಮುಖ್ಯ ಥ್ರೆಡ್ಡೆಂದು ಹೆಸರು. ಕೀಲಿ ಒತ್ತಿದರೆ ಸಂದೇಶವೊಂದು ಹುಟ್ಟಿ ಕ್ಯೂ ಸೇರುತ್ತದೆ. ಮುಖ್ಯ ಥ್ರೆಡ್ಡು ಅದನ್ನೆತ್ತಿ, ಸಲ್ಲಬೇಕಾದ ಕಡೆಗೆ ಸಲ್ಲಿಸಿ, ಮುಂದಿನದಕ್ಕೆ ಕೈಚಾಚುತ್ತದೆ. ಮೌಸಿನ ಕ್ಲಿಕ್ಕನ್ನು ಕೇಳುವುದೂ ಪರದೆಯನ್ನು ಮತ್ತೆ ಬಳಿಯುವುದೂ ಅದೇ. ಆದ್ದರಿಂದ ಇಲ್ಲಿ ಸೋಮಾರಿತನವೇ ಸ್ವಧರ್ಮ: ಯಾವ ಕೆಲಸವನ್ನೂ ತಾನು ಮಾಡದವನಿಂದಲೇ ಲೋಕ ನಡೆಯುತ್ತಿದೆ. ಕೀಲಿಗೆ ಉತ್ತರವಾಗಿ ದೊಡ್ಡದೊಂದು ಫೈಲು ಓದುವ ಕೆಲಸವನ್ನು ಇವನ ತಲೆಗೇ ಕಟ್ಟುವುದೆಂದರೆ, ಹೋಟೆಲಿನ ಒಬ್ಬನೇ ಮಾಣಿ ಮಸಾಲೆದೋಸೆಯ ಆರ್ಡರು ಹಿಡಿದು ಅಕ್ಕಿ ನೆನೆಹಾಕಲು ತಾನೇ ಒಳಗೆ ಹೋದಂತೆ.

ಈಗ ಪೂರ್ವಪಕ್ಷ. ನಿದ್ರಾವಾದಿಗಳು ಪೈಥಾನಿನ ಟಿಕೆಇಂಟರ್‌ನಲ್ಲಿ ಕಿಟಕಿ ತೆರೆದು, ಎರಡು ಕ್ಷಣ ಕಾಯಬೇಕೆಂದಾಗ ಮುಖ್ಯ ಥ್ರೆಡ್ಡಿಗೇ 'ಸ್ಲೀಪ್' ಎನ್ನುತ್ತಾರೆ. ಅದು ಮಲಗುತ್ತದೆ, ಜೊತೆಗೆ ಕಿಟಕಿಯೂ. ಇವರನ್ನು ಖಂಡಿಸಲು ಪಾಂಡಿತ್ಯ ಬೇಡ. 'ಆಫ್ಟರ್' ಎಂಬ ವಿಧಿಯಿದೆ, ಇಷ್ಟು ಹೊತ್ತಾದ ಮೇಲೆ ಕರೆ ಎಂದು ಹೇಳಿ ಸುಮ್ಮನಾಗಬಹುದು.

ಮಧ್ಯಂತರವಾದಿಗಳು ಬುದ್ಧಿವಂತರು, ಆದ್ದರಿಂದ ಅಪಾಯಕಾರಿಗಳು. ಉದ್ದನೆಯ ಕೆಲಸದ ನಡುನಡುವೆ ಬಾಗಿಲು ತೆರೆದು ಕಾದಿರುವ ಸಂದೇಶಗಳನ್ನು ಒಳಬಿಟ್ಟರಾಯಿತು ಎಂಬುದು ಅವರ ಮತ. ವಿಷುವಲ್ ಬೇಸಿಕ್‌ನ 'ಡೂಈವೆಂಟ್ಸ್' ಅವರ ಮಹಾಮಂತ್ರ. ಆದರೆ ಹಾಗೆ ಒಳಬಂದ ಸಂದೇಶ ಅದೇ ಕೆಲಸವನ್ನು ಶುರುಮಾಡುವ ಕೀಲಿಯದೇ ಆಗಿದ್ದರೆ? ಕೆಲಸದ ಹೊಟ್ಟೆಯೊಳಗೆ ಅದೇ ಕೆಲಸ, ಅದರ ಹೊಟ್ಟೆಯೊಳಗೆ ಮತ್ತೊಂದು. ನೈಯಾಯಿಕರು ಇದನ್ನು ಅನವಸ್ಥಾದೋಷವೆಂದು ಎಂದೋ ಗುರುತಿಸಿದ್ದರು, ಪಾಪ, ಕೇಳುವವರಿರಲಿಲ್ಲ.

ಬಹುತಂತುವಾದಿಗಳು ಹತ್ತು ಥ್ರೆಡ್ಡು ಹುಟ್ಟಿಸಿ, ಎಲ್ಲವೂ ಪರದೆಯನ್ನು ಮುಟ್ಟಲಿ ಎನ್ನುತ್ತಾರೆ. ಆಂಡ್ರಾಯ್ಡು ಮಡಿವಂತ, ತಪ್ಪು ಥ್ರೆಡ್ಡು ಪರದೆಗೆ ಕೈಹಚ್ಚಿದರೆ ಎಕ್ಸೆಪ್ಶನ್ ಎಸೆಯುತ್ತದೆ. ಜಾವಾದ ಸ್ವಿಂಗ್ ಎಷ್ಟೋ ಸಲ ಬಾಯಿಬಿಟ್ಟು ಹೇಳದೆ, ಯಾವತ್ತೋ ಒಂದು ದಿನ ಪರದೆ ಕೆಡಿಸಿ ಸೇಡು ತೀರಿಸಿಕೊಳ್ಳುತ್ತದೆ.

ಸಿದ್ಧಾಂತವಿಷ್ಟೆ: ದುಡಿಮೆ ಬೇರೆ ಥ್ರೆಡ್ಡಿನಲ್ಲಿ, ಫಲ ಮಾತ್ರ ಕ್ಯೂ ಮೂಲಕ ಮುಖ್ಯ ಥ್ರೆಡ್ಡಿಗೆ. ಸ್ವಿಂಗಿನಲ್ಲಿ 'ಇನ್ವೋಕ್ ಲೇಟರ್' ಇರುವುದು ಇದಕ್ಕೇ. 2006ರ ಜಾವಾ 6 'ಸ್ವಿಂಗ್‌ವರ್ಕರ್' ಅನ್ನೂ ಜೊತೆಗೆ ಕೊಟ್ಟಿತು. ಅರೆಕಲಿತವರು ಇಲ್ಲಿಯೂ ಎಡವುತ್ತಾರೆ. ಕೆಲಸವನ್ನು ಹೊರಗೆ ಕಳಿಸಿ, ಮುಗಿಯುವವರೆಗೆ ಮುಖ್ಯ ಥ್ರೆಡ್ಡನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಹೊರಗಿನದೋ ಪರದೆ ಬದಲಿಸಲು ಮುಖ್ಯ ಥ್ರೆಡ್ಡು ಬಿಡುವಾಗಲೆಂದು ಕಾಯುತ್ತದೆ. ಅನ್ಯೋನ್ಯಾಶ್ರಯ. ಇಬ್ಬರೂ ಸಭ್ಯರು, ಇಬ್ಬರೂ ಮೊದಲು ಕದಲುವುದಿಲ್ಲ.

ಕಾಲಪ್ರಮಾಣ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡು. ಉತ್ತರ ತಕ್ಷಣ ಬಂತೆನಿಸಲು 0.1 ಸೆಕೆಂಡು ಮಿತಿಯೆಂದು ಬಳಕೆಯೋಗ್ಯತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಬರೆದರು. ಐದು ಸೆಕೆಂಡು ಕಳೆದರೆ ಆಂಡ್ರಾಯ್ಡು ದೂರು ಹೇಳುತ್ತದೆ. ವಿಂಡೋಸ್ ಇನ್ನೂ ಮುಂದೆ ಹೋಗಿ, ಮಾತು ನಿಲ್ಲಿಸಿದ ಕಿಟಕಿಯ ಜಾಗದಲ್ಲಿ ಅದೇ ಅಳತೆಯ, ಅದೇ ರೂಪದ ಪ್ರೇತಕಿಟಕಿಯನ್ನು ನಿಲ್ಲಿಸುತ್ತದೆ. ಅದನ್ನು ಎಳೆದಾಡಬಹುದು, ಮುಚ್ಚಲೂಬಹುದು, ಕೆಲಸ ಹೇಳುವಂತಿಲ್ಲ.

ಸ್ವದೇಶೀ ದೃಷ್ಟಾಂತವೊಂದು. ಕಗಪ ಕೀಲಿಮಣೆ ವಿನ್ಯಾಸದಲ್ಲಿ 'ಕನ್ನಡ' ಎಂದು ಬರೆಯಲು ಐದು ಕೀಲಿ ಬೇಕು. ಪ್ರತಿ ಕೀಲಿಗೂ ಹುಡುಕಹೊರಡುವ ನಿಘಂಟಿದ್ದರೆ ಅದು ಕ, ಕನ, ಕನ್, ಕನ್ನ ಎಂದು ನಾಲ್ಕು ವ್ಯರ್ಥಯಾತ್ರೆ ಮಾಡಿ ಐದನೆಯದಕ್ಕೆ ಗುರಿ ತಲುಪುತ್ತದೆ. ಮುಖ್ಯ ಥ್ರೆಡ್ಡಿನಲ್ಲೇ ಹುಡುಕಿದರೆ ಅಕ್ಷರಗಳು ತಡವರಿಸುತ್ತವೆ. ಹೊರಗೆ ಕಳಿಸಿದರೆ ಬೇರೊಂದು ವಿಪತ್ತು: 'ಕನ್ನಡ'ದ ಉತ್ತರ ಬೇಗ ಬಂದು, 'ಕನ್ನ'ದ ಉತ್ತರ ತಡವಾಗಿ ಬಂದು ಅದರ ಮೇಲೆ ಕೂರುತ್ತದೆ, ಭಾಷೆಯನ್ನು ಹುಡುಕಿದವನಿಗೆ ಕಳ್ಳತನದ ಅರ್ಥವಿವರಣೆ ಸಿಗುತ್ತದೆ. ಆದ್ದರಿಂದ ಕೊನೆಯ ಕೀಲಿಯ ನಂತರ ಅರೆಗಳಿಗೆ ತಡೆದು ಹೊರಡಬೇಕು, ಹಳೆಯ ಯಾತ್ರಿಕನ ಉತ್ತರವನ್ನು ಬಾಗಿಲಲ್ಲೇ ಹಿಂದಿರುಗಿಸಬೇಕು.

ಕೊನೆಗೆ ಕರ್ಮವಿಚಾರ. ಕ್ಯೂನಲ್ಲಿ ಕಾದಿರುವ ಕೀಲಿಗಳು ಸಂಚಿತ. ಇನ್ನೂ ಒತ್ತಬೇಕಾದವು ಆಗಾಮಿ. ಈಗ ನಡೆಯುತ್ತಿರುವುದು ಪ್ರಾರಬ್ಧ, ಅನುಭವಿಸಿಯೇ ತೀರಬೇಕು. ಎಸ್ಕೇಪ್ ಒತ್ತಿದರೆ ಮೋಕ್ಷವಲ್ಲವೇ ಎಂದು ಕೇಳಬಹುದು. ಅಲ್ಲ, ಕಿಟಕಿ ಸ್ತಬ್ಧವಾಗಿರುವಾಗ ಎಸ್ಕೇಪೂ ಕ್ಯೂನ ಬಾಲಕ್ಕೇ ಸೇರಿ, ತಾನು ನಿಲ್ಲಿಸಬೇಕಾದ ಕೆಲಸ ಮುಗಿಯಲೆಂದು ಕಾಯುತ್ತದೆ. ದುಡಿಮೆ ಹೊರಗಿದ್ದು, ಅದು ಆಗಾಗ ನಿಂತು 'ಸಾಕೇ?' ಎಂದು ಕೇಳುವಂತಿದ್ದರೆ ಮಾತ್ರ ಎಸ್ಕೇಪಿಗೆ ಅರ್ಥ.

ಇಲ್ಲವಾದರೆ ಬೇಸರದಲ್ಲಿ ಒತ್ತಿಟ್ಟ ಎಂಟರುಗಳೆಲ್ಲ ಕಿಟಕಿ ಎಚ್ಚೆತ್ತ ಕೂಡಲೇ ಸಾಲಾಗಿ ಹೊರಡುತ್ತವೆ. ಮೊದಲನೆಯದು ಪೆಟ್ಟಿಗೆಯೊಂದನ್ನು ತೆರೆಸುತ್ತದೆ: 'ಎಲ್ಲ ಕಡತಗಳನ್ನೂ ಅಳಿಸಲೇ?' ಎರಡನೆಯದು ಉತ್ತರ ಕೊಡುತ್ತದೆ. ಆ ಪೆಟ್ಟಿಗೆಯಲ್ಲಿ 'ಹೌದು' ಎಂಬುದನ್ನೇ ಮೊದಲ ಆಯ್ಕೆಯಾಗಿ ಇಟ್ಟವನು ಯಾರು, ಅವನಿಗೇನು ಮಾಡಬೇಕು ಎಂಬುದು ಮೀಮಾಂಸೆಯ ವ್ಯಾಪ್ತಿಗೆ ಬಾರದು. ಜಿಜ್ಞಾಸುಗಳು ದಂಡನೀತಿಯ ಗ್ರಂಥಗಳನ್ನು ನೋಡಿಕೊಳ್ಳತಕ್ಕದ್ದು.